ತುಕ್ಕು ಹಿಡಿಯದ ಉಕ್ಕಿಗೆ ಹದ ಕಲಿಸಿದ ಹ್ಯಾರಿ ಬ್ರಿಯರ್ಲಿ

ಗುಜರಾತಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳ ಮನೆಗಳಲ್ಲಿ ಊರಿನಿಂದ ತಂದ ಒಂದೆರಡು ಹಿತ್ತಾಳೆ ಪಾತ್ರೆಗಳು ಇಂದಿಗೂ ಅಟ್ಟದ ಮೇಲೆ ಉಳಿದಿರುತ್ತವೆ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಅವುಗಳಿಗೆ ಆಗಾಗ ಕಲಾಯಿ ಹಾಕಿಸಬೇಕಾಗಿತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಹುಣಿಸೆಹಣ್ಣಿನ ಸಾರು ಉಳಿದರೆ ಕಿಲುಬು ಬಿಡುತ್ತಿತ್ತು. ಕಬ್ಬಿಣದ ಇಳಿಗೆಮಣೆಯಲ್ಲಿ ಹೆಚ್ಚಿದ ಬಾಳೆಕಾಯಿ ನೋಡನೋಡುತ್ತಿದ್ದಂತೆ ಕಪ್ಪಾಗುತ್ತಿತ್ತು. ಈ ತಾಪತ್ರಯಗಳನ್ನೆಲ್ಲ ಮರೆಸಿದ್ದು ಸ್ಟೇನ್‌ಲೆಸ್ ಸ್ಟೀಲ್. ಇಂದು ಮಂಜಲ್‌ಪುರದ ಯಾವ ಮನೆಗೆ ಹೋದರೂ ಲೋಟ, ತಟ್ಟೆ, ಸೌಟು, ಡಬ್ಬಿಗಳ ರೂಪದಲ್ಲಿ ಅದು ನಮ್ಮನ್ನು ಎದುರುಗೊಳ್ಳುತ್ತದೆ. ಮದುವೆಯ ಉಡುಗೊರೆಯ ಪಾತ್ರೆಗಳ ಮೇಲೆ ಕೊಟ್ಟವರ ಹೆಸರನ್ನು ಕೆತ್ತಿಸುವ ಪದ್ಧತಿಯೂ ಅದರೊಂದಿಗೇ ಬೆಳೆಯಿತು.

ಆದರೆ ತುಕ್ಕು ಹಿಡಿಯದಿರುವುದೊಂದೇ ಈ ಲೋಹದ ಹಿರಿಮೆ ಎಂದು ತಿಳಿದರೆ ಅರ್ಧ ಮಾತ್ರ ತಿಳಿದಂತಾಗುತ್ತದೆ. ಚಾಕುವಿನ ಅಲಗಾಗಲು ಗಡಸುತನ ಬೇಕು. ರೈಲುಬೋಗಿಯ ಗೋಡೆಯಾಗಲು ಭಾರ ತಾಳುವ ಬಲ ಬೇಕು. ಈ ಗುಣಗಳು ಲೋಹಕ್ಕೆ ಹುಟ್ಟಿನಿಂದಲೇ ಬಂದುಬಿಡುವುದಿಲ್ಲ. ಕಾಯಿಸಿ, ತಣಿಸಿ, ಉರುಳೆಗಳ ನಡುವೆ ಒತ್ತಿ ಅವನ್ನು ತರಿಸಬೇಕಾಗುತ್ತದೆ. ನಮ್ಮ ಹಿರಿಯರು ಮನುಷ್ಯರ ವಿಷಯದಲ್ಲಿ ಬಳಸುತ್ತಿದ್ದ ಸಂಸ್ಕಾರ ಎಂಬ ಮಾತು ಉಕ್ಕಿಗೂ ಚೆನ್ನಾಗಿಯೇ ಒಪ್ಪುತ್ತದೆ. ಇದನ್ನು ಚೆನ್ನಾಗಿ ಅರಿತಿದ್ದವರಲ್ಲಿ ಒಬ್ಬರು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹ್ಯಾರಿ ಬ್ರಿಯರ್ಲಿ. ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟ ಕಾರ್ಮಿಕನ ಮಗನೊಬ್ಬ ಲೋಕದ ಅಡುಗೆಮನೆಗಳನ್ನೇ ಬದಲಿಸಿದ ಈ ಕಥೆ ನಮ್ಮ ಓದುಗರಿಗೆ, ಅದರಲ್ಲೂ ಮಕ್ಕಳ ವಿದ್ಯಾಭ್ಯಾಸದ ಚಿಂತೆಯಲ್ಲಿರುವ ತಂದೆತಾಯಿಯರಿಗೆ, ರುಚಿಸೀತೆಂದು ಭಾವಿಸಿದ್ದೇನೆ. ಈ ಲೇಖಕ ಲೋಹಶಾಸ್ತ್ರಜ್ಞನಲ್ಲ, ಬ್ಯಾಂಕಿನ ನೌಕರ. ಆದುದರಿಂದ ವಿಷಯವನ್ನು ಸಾಮಾನ್ಯರ ಭಾಷೆಯಲ್ಲಿಯೇ ನಿರೂಪಿಸಲಾಗಿದೆ.

ಕನ್ನಡದ ಉಕ್ಕು, ಶೆಫೀಲ್ಡಿನ ಮೂಸೆ

ಶೆಫೀಲ್ಡಿಗೂ ಕನ್ನಡ ನಾಡಿಗೂ ಉಕ್ಕಿನ ವಿಷಯದಲ್ಲಿ ಹಳೆಯ ನಂಟಿದೆ. ದಕ್ಷಿಣ ಭಾರತದಲ್ಲಿ ಶತಮಾನಗಳಿಂದ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣವನ್ನು ಇಂಗಾಲದ ವಸ್ತುಗಳೊಡನೆ ಮುಚ್ಚಿ ಕಾಯಿಸಿ ಉತ್ತಮ ಉಕ್ಕನ್ನು ತಯಾರಿಸುತ್ತಿದ್ದರು. ಮೈಸೂರು ಸೀಮೆಯಲ್ಲಿ ಈ ಕಸುಬು ನಡೆಯುತ್ತಿದ್ದುದನ್ನು ಫ್ರಾನ್ಸಿಸ್ ಬುಕಾನನ್ 1800 ಮತ್ತು 1801ರ ತಮ್ಮ ಪ್ರವಾಸದಲ್ಲಿ ಕಂಡು ವಿವರವಾಗಿ ದಾಖಲಿಸಿದ್ದಾರೆ. ಯುರೋಪಿಯನ್ನರು ಈ ಲೋಹವನ್ನು ವೂಟ್ಸ್ ಎಂದು ಕರೆದರು. ಆ ಹೆಸರು ನಮ್ಮ ಉಕ್ಕು ಎಂಬ ಪದದಿಂದಲೇ ಹುಟ್ಟಿತೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ.

ವೂಟ್ಸ್ ಉಕ್ಕಿನ ಗುಟ್ಟನ್ನು ಭೇದಿಸಲು ಹೊರಟ ವಿಜ್ಞಾನಿಗಳಲ್ಲಿ ಮೈಕೆಲ್ ಫ್ಯಾರಡೆಯವರೂ ಒಬ್ಬರು. ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಅವರೊಡನೆ ಸೇರಿ 1820ರ ಸುಮಾರಿನಲ್ಲಿ ಅವರು ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ಪರೀಕ್ಷಿಸಿದರು. ಆ ಪ್ರಯೋಗಗಳ ಬೆನ್ನಲ್ಲೇ 1821ರಲ್ಲಿ ಫ್ರಾನ್ಸಿನ ಪಿಯೆರ್ ಬೆರ್ತಿಯೆ ಕ್ರೋಮಿಯಂ ಬೆರೆಸಿದ ಕಬ್ಬಿಣ ಆಮ್ಲಗಳನ್ನು ಹೆಚ್ಚು ತಡೆದುಕೊಳ್ಳುತ್ತದೆಂದು ತೋರಿಸಿದರು. ಆದರೆ ಆ ಮಿಶ್ರಣ ಬಹಳ ಪೆಡಸಾಗಿದ್ದು ಬಳಕೆಗೆ ಒದಗಲಿಲ್ಲ. ಅದನ್ನು ಬಳಕೆಗೆ ತರುವ ಹೊತ್ತಿಗೆ ತೊಂಬತ್ತು ವರ್ಷಗಳು ಉರುಳಿದ್ದವು.

ಕುಲುಮೆಯ ಬದಿಯ ಬಾಲ್ಯ

ಹ್ಯಾರಿ ಬ್ರಿಯರ್ಲಿ ಜನಿಸಿದ್ದು 1871ರ ಫೆಬ್ರವರಿ 18ರಂದು. ಮನೆ ತುಂಬ ಮಕ್ಕಳು. ಕೂಲಿಗಾರರು ಒತ್ತೊತ್ತಾಗಿ ವಾಸಿಸುತ್ತಿದ್ದ ಕೇರಿಯಲ್ಲಿ ಇಕ್ಕಟ್ಟಾದ ಮನೆ. ತಂದೆ ಉಕ್ಕು ಕರಗಿಸುವ ಕೆಲಸಗಾರ. ಮೂಸೆಯ ಉಕ್ಕಿನ ಕಾರ್ಖಾನೆಗಳಲ್ಲಿ ಬೆಂಕಿಯ ಬಣ್ಣವನ್ನು ಕಣ್ಣಿನಿಂದಲೇ ಅಳೆದು, ಕುದಿಯುವ ಲೋಹವನ್ನು ಇಕ್ಕಳದಲ್ಲಿ ಹಿಡಿದೆತ್ತಿ ಅಚ್ಚಿಗೆ ಹೊಯ್ಯುವುದು ಅಂಥವರ ವೃತ್ತಿ. ಮೈಮುರಿಯುವ ದುಡಿಮೆ, ಆದರೆ ಕೌಶಲಕ್ಕೆ ಮರ್ಯಾದೆ ಇದ್ದ ದುಡಿಮೆ. ಈ ಕೈಕಸುಬಿನವರ ಬಗೆಗಿನ ಗೌರವ ಬ್ರಿಯರ್ಲಿಯವರಲ್ಲಿ ಕೊನೆಯವರೆಗೂ ಉಳಿಯಿತು.

ಬಡತನದ ಮನೆಯಲ್ಲಿ ಓದು ಹೆಚ್ಚು ದಿನ ಸಾಗಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಶಾಲೆ ಮುಗಿಸಿ ಉಕ್ಕಿನ ಕಾರ್ಖಾನೆಯ ಆಳಾಗಿ ಸೇರಿದರು. ಸ್ವಲ್ಪ ಕಾಲದಲ್ಲಿಯೇ ಥಾಮಸ್ ಫರ್ತ್ ಮತ್ತು ಸನ್ಸ್ ಕಂಪನಿಯ ರಸಾಯನ ಪ್ರಯೋಗಾಲಯದಲ್ಲಿ ಸೀಸೆಗಳನ್ನು ತೊಳೆಯುವ, ಮೇಜು ಒರೆಸುವ ಚಾಕರಿ ದೊರೆಯಿತು. ಬ್ರಿಯರ್ಲಿಯವರ ಅದೃಷ್ಟವೆಂದರೆ ಆ ಪ್ರಯೋಗಾಲಯದ ಮುಖ್ಯಸ್ಥ ಜೇಮ್ಸ್ ಟೇಲರ್. ಕಷ್ಟಪಟ್ಟು ಓದಿ ಮೇಲೆ ಬಂದಿದ್ದ ಅವರು ಸೀಸೆ ತೊಳೆಯುವ ಹುಡುಗನಲ್ಲಿ ಕುತೂಹಲವನ್ನು ಗುರುತಿಸಿದರು. ಗಣಿತದ ಪುಸ್ತಕ ಕೊಡಿಸಿದರು, ರಸಾಯನಶಾಸ್ತ್ರದ ಮೂಲಪಾಠಗಳನ್ನು ಹೇಳಿಕೊಟ್ಟರು, ಸಂಜೆ ತರಗತಿಗಳಿಗೆ ಹೋಗುವಂತೆ ಹುರಿದುಂಬಿಸಿದರು. ಹಗಲು ಚಾಕರಿ, ರಾತ್ರಿ ಓದು ಎಂಬ ಕ್ರಮ ವರ್ಷಗಟ್ಟಲೆ ನಡೆಯಿತು. ಒಬ್ಬ ಗುರು ಸಿಕ್ಕಿದರೆ ಬದುಕು ಹೇಗೆ ತಿರುಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

1895ರಲ್ಲಿ ಹೆಲೆನ್ ಕ್ರ್ಯಾಂಕ್ ಅವರೊಡನೆ ವಿವಾಹವಾಯಿತು. ಅಷ್ಟರಲ್ಲಿ ಬ್ರಿಯರ್ಲಿ ಉಕ್ಕಿನ ರಾಸಾಯನಿಕ ವಿಶ್ಲೇಷಣೆಯಲ್ಲಿ ಪಳಗಿದ್ದರು. 1902ರಲ್ಲಿ ಫ್ರೆಡ್ ಇಬ್ಬಟ್ಸನ್ ಅವರ ಜೊತೆಗೂಡಿ ಆ ವಿಷಯದ ಪುಸ್ತಕವನ್ನೂ ಪ್ರಕಟಿಸಿದರು. ಒಂದು ಕಾಲಕ್ಕೆ ಸೀಸೆ ತೊಳೆದ ಕೈ ಈಗ ವಿಶ್ಲೇಷಕರಿಗೆ ದಾರಿ ತೋರುವ ಗ್ರಂಥ ಬರೆದಿತ್ತು.

ರೀಗಾದಲ್ಲಿ ಹದದ ಪಾಠ

ಕೆಲವು ವರ್ಷಗಳ ನಂತರ ಬ್ರಿಯರ್ಲಿ ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ರೀಗಾ ನಗರಕ್ಕೆ ತೆರಳಿ, ಅಲ್ಲಿಯ ಸಾಲಮಾಂಡರ್ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಅಲ್ಲಿ ಅವರ ಗಮನವನ್ನೆಲ್ಲ ಸೆಳೆದದ್ದು ಉಕ್ಕಿಗೆ ಹದ ಕೊಡುವ ಕೆಲಸ. ಲೋಹಶಾಸ್ತ್ರದವರು ಇದನ್ನೇ ಉಷ್ಣೋಪಚಾರ ಎನ್ನುತ್ತಾರೆ.

ಹಳ್ಳಿಯ ಕಮ್ಮಾರರ ಕುಲುಮೆಯನ್ನು ಕಂಡವರಿಗೆ ಇದು ಹೊಸದಲ್ಲ. ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಚುಯ್ ಎಂಬ ಸದ್ದಿನೊಡನೆ ಅದು ಗಡಸಾಗುತ್ತದೆ. ಹಾಗೆಯೇ ಬಿಟ್ಟರೆ ಪೆಡಸಾಗಿ ಮುರಿದೀತು. ಆದ್ದರಿಂದ ಮತ್ತೊಮ್ಮೆ ಹದವಾಗಿ ಬಿಸಿ ಮಾಡಿ ಆ ಪೆಡಸುತನವನ್ನು ತಗ್ಗಿಸುತ್ತಾರೆ. ಎಷ್ಟು ಕಾಯಿಸಬೇಕು, ಎಷ್ಟು ಬೇಗ ತಣಿಸಬೇಕು ಎಂಬುದರಲ್ಲಿ ಎಲ್ಲವೂ ಅಡಗಿದೆ. ಕಾವು ಕಡಿಮೆಯಾದರೆ ಉಕ್ಕು ಮೆತ್ತಗೆ ಉಳಿಯುತ್ತದೆ, ಹೆಚ್ಚಾದರೆ ಅದರ ಒಳಗಿನ ಹರಳುಗಳು ದಪ್ಪವಾಗಿ ಒಡಕಲಾಗುತ್ತದೆ. ನಿಖರವಾದ ಉಷ್ಣಮಾಪಕಗಳು ಎಲ್ಲ ಕಾರ್ಖಾನೆಗಳಿಗೂ ಎಟುಕದಿದ್ದ ಆ ದಿನಗಳಲ್ಲಿ, ನಿರ್ದಿಷ್ಟ ಉಷ್ಣತೆಯಲ್ಲಿ ಕರಗುವ ಲವಣಗಳ ತುಣುಕುಗಳನ್ನು ಕುಲುಮೆಯಲ್ಲಿಟ್ಟು ಕಾವನ್ನು ತಿಳಿಯುವ ಸುಲಭೋಪಾಯವನ್ನು ಬ್ರಿಯರ್ಲಿ ಬಳಕೆಗೆ ತಂದರು. ಕೆಲಸಗಾರನ ಕಣ್ಣಿನ ಅಂದಾಜಿಗೂ ಪ್ರಯೋಗಾಲಯದ ಅಳತೆಗೂ ಸೇತುವೆ ಕಟ್ಟಿದ ಜಾಣ್ಮೆ ಇದು. 1911ರಲ್ಲಿ ಉಪಕರಣಗಳ ಉಕ್ಕಿನ ಉಷ್ಣೋಪಚಾರವನ್ನು ಕುರಿತು ಅವರು ಬರೆದ ಗ್ರಂಥ ಈ ಅನುಭವದ ಫಲ.

ಅಷ್ಟರಲ್ಲಿ ಅವರು ಶೆಫೀಲ್ಡಿಗೆ ಮರಳಿದ್ದರು. ನಗರದ ಎರಡು ದೊಡ್ಡ ಉಕ್ಕಿನ ಕಂಪನಿಗಳಾದ ಫರ್ತ್ ಮತ್ತು ಜಾನ್ ಬ್ರೌನ್ ಜೊತೆಗೂಡಿ 1908ರಲ್ಲಿ ಸ್ಥಾಪಿಸಿದ ಬ್ರೌನ್ ಫರ್ತ್ ಸಂಶೋಧನಾಲಯದ ನಾಯಕತ್ವ ಅವರ ಪಾಲಿಗೆ ಬಂದಿತ್ತು.

1913ರ ಆಗಸ್ಟ್ 13

1912ರಲ್ಲಿ ಅವರ ಮುಂದೆ ಬಂದ ಸಮಸ್ಯೆ ಬಂದೂಕಿನ ನಳಿಗೆಯದು. ಗುಂಡು ಹಾರಿಸಿದಂತೆಲ್ಲ ಸಿಡಿಮದ್ದಿನ ಬಿಸಿ ಅನಿಲಗಳಿಂದ ನಳಿಗೆಯ ಒಳಮೈ ಸವೆದುಹೋಗುತ್ತಿತ್ತು. ಕ್ರೋಮಿಯಂ ಬೆರೆಸಿದ ಉಕ್ಕು ಬಿಸಿಯನ್ನು ಹೆಚ್ಚು ತಾಳಿಕೊಂಡೀತೆಂದು ಭಾವಿಸಿ ಅವರು ಹಲವು ಎರಕಗಳನ್ನು ಮಾಡಿಸಿದರು. ಮೂಸೆಯಲ್ಲಿ ಮಾಡಿದ ಮೊದಲ ಪ್ರಯತ್ನಗಳು ಸರಿಬರಲಿಲ್ಲ. 1913ರ ಆಗಸ್ಟ್ 13ರಂದು ವಿದ್ಯುತ್ ಕುಲುಮೆಯಲ್ಲಿ ತೆಗೆದ ಎರಕದಲ್ಲಿ ಸುಮಾರು 12.8 ಶೇಕಡಾ ಕ್ರೋಮಿಯಂ ಮತ್ತು 0.24 ಶೇಕಡಾ ಇಂಗಾಲ ಇದ್ದವು.

ಕಸದ ರಾಶಿಯಲ್ಲಿ ಎಸೆದ ತುಂಡೊಂದು ತಿಂಗಳುಗಳ ನಂತರವೂ ಹೊಳೆಯುತ್ತಿದ್ದುದನ್ನು ಅವರು ಕಂಡರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ನಿಜ ಸಂಗತಿಗೆ ಇನ್ನೂ ಹೆಚ್ಚಿನ ಸ್ವಾರಸ್ಯವಿದೆ. ಉಕ್ಕಿನ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಅದನ್ನು ನಯಗೊಳಿಸಿ, ನೈಟ್ರಿಕ್ ಆಮ್ಲದ ದ್ರಾವಣದಿಂದ ತುಸು ಕೊರೆಯಿಸಬೇಕು. ಈ ಹೊಸ ಉಕ್ಕನ್ನು ಆಮ್ಲ ಮುಟ್ಟಲೊಲ್ಲದು! ಬೇರೊಬ್ಬರು ಇದನ್ನು ಪರೀಕ್ಷೆಗೆ ಬಂದ ಅಡ್ಡಿ ಎಂದು ಬಗೆದು ಬಿಟ್ಟುಬಿಡಬಹುದಿತ್ತು. ಬ್ರಿಯರ್ಲಿ ಅದನ್ನು ಗುಣವೆಂದು ಗುರುತಿಸಿದರು. ವಿನೆಗರ್, ನಿಂಬೆರಸಗಳೂ ಅದನ್ನು ಕೆಡಿಸಲಿಲ್ಲ. ಇನ್ನೂ ಒಂದು ಸಂಗತಿಯನ್ನು ಅವರು ಗಮನಿಸಿದರು: ಅದೇ ಉಕ್ಕು ಸರಿಯಾಗಿ ಗಡಸುಗೊಂಡಿದ್ದಾಗ ಆಮ್ಲವನ್ನು ಚೆನ್ನಾಗಿ ತಡೆಯುತ್ತಿತ್ತು, ಮೆದುಗೊಳಿಸಿದಾಗ ಅಷ್ಟಾಗಿ ತಡೆಯುತ್ತಿರಲಿಲ್ಲ.

ಇದರ ಕಾರಣ ಇಂದು ಸ್ಪಷ್ಟವಾಗಿದೆ. ಉಕ್ಕಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಗೀರಿದರೂ ಆ ಪೊರೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಮೆದುಗೊಳಿಸಿದ ಸ್ಥಿತಿಯಲ್ಲಿ ಕ್ರೋಮಿಯಮ್ಮಿನ ಒಂದು ಪಾಲನ್ನು ಇಂಗಾಲ ಹಿಡಿದಿಟ್ಟುಕೊಂಡು ಕಾರ್ಬೈಡ್ ಕಣಗಳಾಗಿಸುವುದರಿಂದ ಪೊರೆಗೆ ಒದಗುವ ಕ್ರೋಮಿಯಂ ಕಡಿಮೆಯಾಗುತ್ತದೆ. ಹೆಚ್ಚಿನ ಕಾವಿನಲ್ಲಿ ಆ ಕಣಗಳು ಕರಗುತ್ತವೆ. ಆಗ ಥಟ್ಟನೆ ತಣಿಸಿದರೆ ಕ್ರೋಮಿಯಂ ಎಲ್ಲೆಡೆ ಹರಡಿಕೊಂಡು ನಿಲ್ಲುತ್ತದೆ, ಉಕ್ಕೂ ಗಡಸಾಗುತ್ತದೆ. ಅಂದರೆ ಈ ಲೋಹದಲ್ಲಿ ಬಲವೂ ಶುದ್ಧಿಯೂ ಒಂದೇ ಉಪಚಾರದಿಂದ ದೊರೆಯುತ್ತವೆ.

ಅದೇ 1913ರಲ್ಲಿ ನಮ್ಮ ಮೈಸೂರಿನಲ್ಲಿ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಮೈಸೂರು ಬ್ಯಾಂಕು ಆರಂಭವಾಯಿತು. ಅವರ ಮತ್ತೊಂದು ಕನಸಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ತೊಡಗಿ, ಮುಂದೆ ವಿಶೇಷ ಮಿಶ್ರ ಉಕ್ಕುಗಳ ತಯಾರಿಕೆಗೆ ಹೆಸರಾಯಿತು.

ಕೊಯ್ಯದ ಚಾಕುವಿನ ಪರಿಹಾಸ

ಶೆಫೀಲ್ಡ್ ಚಾಕು, ಕತ್ತರಿಗಳ ಊರು. ಹುಳಿ ತಾಕಿದರೂ ಕಲೆಯಾಗದ ಉಕ್ಕಿಗೆ ಅಲ್ಲಿ ಸ್ವಾಗತ ಸಿಗುವುದೆಂದು ಬ್ರಿಯರ್ಲಿ ನಂಬಿದ್ದರು. ಆದದ್ದು ಬೇರೆ. ಕಂಪನಿಯ ಹಿರಿಯರಿಗೆ ಬಂದೂಕಿನ ನಳಿಗೆಯ ಆಚೆಗೆ ಆಸಕ್ತಿ ಇರಲಿಲ್ಲ. ಮಾದರಿಗಳನ್ನು ಪಡೆದ ಚಾಕು ತಯಾರಕರು ಇದನ್ನು ಬಡಿಯುವುದು ಕಷ್ಟ, ಸಾಣೆ ಹಿಡಿಯುವುದು ಕಷ್ಟ, ಗಡಸುತನವಂತೂ ಬರುವುದೇ ಇಲ್ಲ ಎಂದು ವರದಿ ಮಾಡಿದರು. ಕೊಯ್ಯಲಾರದ ಚಾಕುವನ್ನು ಕಂಡುಹಿಡಿದ ಮಹಾಶಯರೆಂದು ಊರಿನಲ್ಲಿ ಅವರನ್ನು ಗೇಲಿ ಮಾಡಿದ್ದೂ ಉಂಟು.

ತಪ್ಪು ಉಕ್ಕಿನದಾಗಿರಲಿಲ್ಲ. ಸಾಮಾನ್ಯ ಇಂಗಾಲದ ಉಕ್ಕನ್ನು ಸುಮಾರು 760ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಗಡಸಾಗುತ್ತದೆ. ತಲೆಮಾರುಗಳಿಂದ ಆ ಕೆಂಪು ಬಣ್ಣವನ್ನೇ ನಂಬಿ ಬಂದ ಕುಶಲಿಗಳು ಹೊಸ ಉಕ್ಕಿಗೂ ಅದೇ ಉಪಚಾರ ಮಾಡಿದರು. ಆದರೆ ಕ್ರೋಮಿಯಂ ಉಕ್ಕಿಗೆ ಬೇಕಾದ ಕಾವು ಸುಮಾರು 1,000 ಡಿಗ್ರಿ. ಅದಕ್ಕೆ ನೀರಿನ ಅಗತ್ಯವಿಲ್ಲ. ಎಣ್ಣೆಯಲ್ಲಿ, ತೆಳುವಾದ ಅಲಗಾದರೆ ಬರಿಯ ಗಾಳಿಯಲ್ಲಿಯೇ ಅದು ಗಡಸಾಗುತ್ತದೆ. ಬಡಿಯುವಾಗಲೂ ಅಷ್ಟೆ, ಕಾವು ಇಳಿಯುವ ಮುನ್ನವೇ ಕೆಲಸ ಮುಗಿಯಬೇಕು. ಇಲ್ಲದಿದ್ದರೆ ಲೋಹ ಮೊಂಡು ಹಿಡಿದು ಅಚ್ಚುಗಳನ್ನೇ ಹಾಳುಮಾಡುತ್ತದೆ.

1914ರಲ್ಲಿ ರಾಬರ್ಟ್ ಮೋಸ್ಲಿ ಕಂಪನಿಯ ವ್ಯವಸ್ಥಾಪಕ ಅರ್ನೆಸ್ಟ್ ಸ್ಟುವರ್ಟ್ ಈ ಉಕ್ಕನ್ನು ಮತ್ತೆ ಪರೀಕ್ಷಿಸಲು ಮುಂದಾದರು. ಅವರ ಮೊದಲ ಪ್ರಯತ್ನಗಳೂ ಕೆಟ್ಟವು. ಬ್ರಿಯರ್ಲಿ ತಾವೇ ಕಾರ್ಯಾಗಾರಕ್ಕೆ ಹೋಗಿ, ಎಷ್ಟು ಕಾಯಿಸಬೇಕು, ಯಾವಾಗ ಬಡಿಯಬೇಕು, ಹೇಗೆ ತಣಿಸಬೇಕು ಎಂಬುದನ್ನು ಕೆಲಸಗಾರರ ಪಕ್ಕದಲ್ಲಿ ನಿಂತು ತಿಳಿಸಿಕೊಟ್ಟ ಮೇಲೆ ಹೊಳೆಯುವ, ಹರಿತವಾದ ಅಲಗುಗಳು ಹೊರಬಂದವು. ಬ್ರಿಯರ್ಲಿ ಇದನ್ನು ತುಕ್ಕಿಲ್ಲದ ಉಕ್ಕು ಎಂದು ಕರೆಯುತ್ತಿದ್ದರು. ವಿನೆಗರಿನಲ್ಲಿ ಪರೀಕ್ಷಿಸಿ ಕಲೆಯಾಗದ್ದನ್ನು ಕಂಡ ಸ್ಟುವರ್ಟ್ ಅದಕ್ಕೆ ಸ್ಟೇನ್‌ಲೆಸ್, ಅಂದರೆ ಕಲೆಯಿಲ್ಲದ್ದು, ಎಂಬ ಹೆಸರಿಟ್ಟರು. ಆ ಹೆಸರೇ ಲೋಕದಲ್ಲಿ ನಿಂತಿತು. ತಂದೆಯ ಕುಲುಮೆಯಿಂದ ರೀಗಾವರೆಗೆ ಕಲಿತ ಹದದ ವಿದ್ಯೆ ಇರದೇ ಹೋಗಿದ್ದರೆ 1913ರ ಎರಕವೂ ಬೆರ್ತಿಯೆಯವರ ಪ್ರಯೋಗದಂತೆ ಪುಸ್ತಕದಲ್ಲಿಯೇ ಉಳಿಯುತ್ತಿತ್ತೇನೋ.

ಹಕ್ಕಿನ ಹೋರಾಟ

ಗೆಲುವಿನ ಬೆನ್ನಲ್ಲೇ ಮನಸ್ತಾಪ ಬಂದಿತು. ಸಂಶೋಧನೆಯ ಫಲದಲ್ಲಿ ತಮಗೂ ನ್ಯಾಯವಾದ ಪಾಲಿದೆ ಎಂಬುದು ಬ್ರಿಯರ್ಲಿಯವರ ನಿಲುವು, ಅದು ಕಂಪನಿಯ ಸೊತ್ತು ಎಂಬುದು ಫರ್ತ್ ಕಂಪನಿಯ ವಾದ. ಒಪ್ಪಂದ ಕೂಡಿಬರಲಿಲ್ಲ. ಬಾಲ್ಯದಿಂದ ಬಹುಕಾಲ ಅನ್ನ ಕೊಟ್ಟ ಸಂಸ್ಥೆಯಿಂದ ದೂರವಾಗಿ 1915ರಲ್ಲಿ ಬ್ರಿಯರ್ಲಿ ಬ್ರೌನ್ ಬೇಲಿ ಎಂಬ ಮತ್ತೊಂದು ಉಕ್ಕಿನ ಕಂಪನಿಯನ್ನು ಸೇರಿದರು.

ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆಯುವ ಅವಕಾಶ ಕೈತಪ್ಪಿತ್ತು. ಹಿತೈಷಿಯೊಬ್ಬರ ನೆರವಿನಿಂದ ಅಮೆರಿಕೆಯಲ್ಲಿ ಅರ್ಜಿ ಸಲ್ಲಿಸಿದರು. 1916ರ ಸೆಪ್ಟೆಂಬರ್ 5ರಂದು ಅಲ್ಲಿ ಪೇಟೆಂಟ್ ದೊರೆಯಿತು. ಅದರಲ್ಲಿ ಹಕ್ಕು ಕೇಳಿದ್ದು ಕೇವಲ ಒಂದು ಮಿಶ್ರಣಕ್ಕಲ್ಲ. 9ರಿಂದ 16 ಶೇಕಡಾ ಕ್ರೋಮಿಯಂ ಇರುವ ಉಕ್ಕಿನಿಂದ ಮಾಡಿ, ಗಡಸುಗೊಳಿಸಿ ನಯಗೊಳಿಸಿದ ವಸ್ತುವಿಗೆ. ಉಪಚಾರವೇ ಈ ಲೋಹದ ಜೀವಾಳವೆಂಬ ಅರಿವು ಕಾನೂನಿನ ಕಾಗದದಲ್ಲಿಯೂ ಹೀಗೆ ಮೂಡಿತು. ಮುಂದೆ ಫರ್ತ್ ಕಂಪನಿಯೊಡನೆ ರಾಜಿಯಾಗಿ ಇಬ್ಬರ ಹೆಸರಿನ ಜಂಟಿ ಸಂಸ್ಥೆಯೊಂದು ರೂಪುಗೊಂಡಿತು. ಅಮೆರಿಕೆಯ ಎಲ್ವುಡ್ ಹೇನ್ಸ್ ಸ್ವತಂತ್ರವಾಗಿ ಇದೇ ಬಗೆಯ ಉಕ್ಕನ್ನು ಕಂಡುಕೊಂಡು ಹಕ್ಕು ಮಂಡಿಸಿದ್ದರು. ಅಲ್ಲಿಯೂ ಎರಡೂ ಕಡೆಯವರು ಕೊನೆಗೆ ಒಂದೇ ಕಂಪನಿಯಲ್ಲಿ ಕೂಡಿಕೊಂಡರು. ಮೊದಲ ಮಹಾಯುದ್ಧದ ಕಾಲದಲ್ಲಿ ಚಾಕುಗಳ ತಯಾರಿಕೆ ಹಿಂದೆ ಸರಿದು, ವಿಮಾನದ ಎಂಜಿನ್ನಿನ ಕವಾಟಗಳಿಗೆ ಈ ಉಕ್ಕು ಬಳಕೆಯಾಯಿತು. 1920ರಲ್ಲಿ ಬ್ರಿಟನ್ನಿನ ಕಬ್ಬಿಣ ಮತ್ತು ಉಕ್ಕು ಸಂಸ್ಥೆ ಬ್ರಿಯರ್ಲಿಯವರಿಗೆ ಬೆಸೆಮರ್ ಚಿನ್ನದ ಪದಕವನ್ನಿತ್ತು ಗೌರವಿಸಿತು.

ಬೆಂಕಿಗೆ ಬಗ್ಗದ ತಮ್ಮ

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಅಡುಗೆಮನೆಯ ಒಳ್ಳೆಯ ಪಾತ್ರೆಗಳು ಬ್ರಿಯರ್ಲಿಯವರ ಚಾಕುವಿನ ಉಕ್ಕಿನವಲ್ಲ, ಅದರ ತಮ್ಮನೆನ್ನಬಹುದಾದ ಇನ್ನೊಂದು ಜಾತಿಯವು. ಜರ್ಮನಿಯ ಕ್ರುಪ್ ಕಂಪನಿಯ ಬೆನ್ನೋ ಸ್ಟ್ರೌಸ್ ಮತ್ತು ಎಡುವರ್ಡ್ ಮೌರರ್ 1912ರಲ್ಲಿಯೇ ಕ್ರೋಮಿಯಂ ಜೊತೆಗೆ ನಿಕ್ಕಲ್ ಬೆರೆಸಿದ ಉಕ್ಕಿಗೆ ಪೇಟೆಂಟ್ ಪಡೆದಿದ್ದರು. ಬ್ರೌನ್ ಫರ್ತ್ ಸಂಶೋಧನಾಲಯದಲ್ಲಿ ಬ್ರಿಯರ್ಲಿಯವರ ಉತ್ತರಾಧಿಕಾರಿಯಾದ ವಿಲಿಯಂ ಹ್ಯಾಟ್‌ಫೀಲ್ಡ್ 1924ರಲ್ಲಿ 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುವ ಪ್ರಸಿದ್ಧ ಮಿಶ್ರಣವನ್ನು ರೂಪಿಸಿದರು. ಪಾತ್ರೆ ಅಂಗಡಿಯವರು 18-8 ಎನ್ನುವುದು ಇದನ್ನೇ.

ಈ ತಮ್ಮನ ಸ್ವಭಾವ ಅಣ್ಣನಿಗೆ ತದ್ವಿರುದ್ಧ. ಇವನನ್ನು 1,050 ಡಿಗ್ರಿಗೆ ಕಾಯಿಸಿ ಥಟ್ಟನೆ ತಣಿಸಿದರೆ ಗಡಸಾಗುವ ಬದಲು ಮೆದುವಾಗುತ್ತಾನೆ. ಹಾಗಾದರೆ ಬಲ ಬರುವುದೆಂತು? ಬೆಂಕಿಯಿಲ್ಲದೆ, ತಣ್ಣಗಿರುವಾಗಲೇ ಹಾಳೆಯನ್ನು ಭಾರವಾದ ಉರುಳೆಗಳ ನಡುವೆ ಮತ್ತೆ ಮತ್ತೆ ಹಾಯಿಸಬೇಕು. ಇದೇ ಕೋಲ್ಡ್ ರೋಲಿಂಗ್. ಒಂದೊಂದು ಸಲ ಹಾದಾಗಲೂ ಹಾಳೆ ತೆಳುವಾಗುತ್ತದೆ. ಒಳಗಿನ ಹರಳುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಮುಂದೆ ಜಾರಲಾರದಂತಾಗುತ್ತವೆ. ಅಷ್ಟೇ ಅಲ್ಲ, ಕೆಲವು ಮಿಶ್ರಣಗಳಲ್ಲಿ ಹರಳಿನ ಒಂದಂಶ ಚಾಕುವಿನ ಉಕ್ಕಿನಲ್ಲಿರುವಂಥ ಗಡಸು ರಚನೆಗೇ ಮಾರ್ಪಡುತ್ತದೆ. ಆಯಸ್ಕಾಂತಕ್ಕೆ ಅಂಟದ ಪಾತ್ರೆಯ ಮಡಿಸಿದ ಅಂಚಿನಲ್ಲಿ ಮಾತ್ರ ಅದು ತುಸು ಹಿಡಿದುಕೊಳ್ಳುವುದನ್ನು ಮಕ್ಕಳೇ ಪರೀಕ್ಷಿಸಿ ನೋಡಬಹುದು. ಒತ್ತಿ ಬಗ್ಗಿಸಿದ ಕಡೆ ಹರಳು ಬದಲಾಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಅಂಕಿಗಳಲ್ಲಿ ಹೇಳುವುದಾದರೆ, 301 ಎಂಬ ಸಂಖ್ಯೆಯಿಂದ ಗುರುತಿಸುವ ಸ್ಟೇನ್‌ಲೆಸ್ ಉಕ್ಕು ಮೆದುಗೊಳಿಸಿದ ಸ್ಥಿತಿಯಲ್ಲಿ ಶಾಶ್ವತವಾಗಿ ಬಾಗದೆ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ ಸುಮಾರು 21 ಕಿಲೋ ಭಾರ ತಾಳಬೇಕೆಂಬ ಮಾನದಂಡವಿದೆ. ಉರುಳೆಗಳಲ್ಲಿ ಹಾಯಿಸಿ ಕಾಲು ಗಡಸು ಮಾಡಿದರೆ 52, ಅರ್ಧ ಗಡಸಿಗೆ 77, ಪೂರ್ಣ ಗಡಸಿಗೆ 98 ಕಿಲೋ. ಒಂದೇ ಲೋಹ, ಒಂದೇ ಮಿಶ್ರಣ, ಬಲ ಮಾತ್ರ ನಾಲ್ಕು ಪಟ್ಟಿಗೂ ಅಧಿಕ! ಇದಕ್ಕೆ ತೆರುವ ಬೆಲೆಯೂ ಉಂಟು. ಮೆದುವಾಗಿದ್ದಾಗ ತುಂಡಾಗುವ ಮುನ್ನ ತನ್ನ ಉದ್ದದ 40 ಶೇಕಡಾದಷ್ಟು ಹಿಗ್ಗಬಲ್ಲ ಹಾಳೆ, ಪೂರ್ಣ ಗಡಸಾದಾಗ 10 ಶೇಕಡಾದಷ್ಟೂ ಹಿಗ್ಗಲಾರದು.

ಈ ಬೆಲೆಯನ್ನು ತಗ್ಗಿಸಲು ಲೋಹಶಾಸ್ತ್ರಜ್ಞರು ಮತ್ತೆ ಬೆಂಕಿಯ ಮೊರೆ ಹೊಕ್ಕರು. ಕೋಲ್ಡ್ ರೋಲಿಂಗ್ ಆದ ಹಾಳೆಯನ್ನು ಸುಮಾರು 400 ಡಿಗ್ರಿಯ ಮಂದ ಕಾವಿನಲ್ಲಿಟ್ಟರೆ ಸ್ಪ್ರಿಂಗಿಗೆ ಬೇಕಾದ ಪುಟಿಯುವ ಗುಣ ಇನ್ನಷ್ಟು ಹೆಚ್ಚುತ್ತದೆ. ಅದೇ ಹಾಳೆಯನ್ನು 700ರಿಂದ 900 ಡಿಗ್ರಿಯ ನಡುವೆ ಅಲ್ಪಕಾಲ ಕಾಯಿಸಿದರೆ ಮಾರ್ಪಟ್ಟ ಹರಳುಗಳು ಹಳೆಯ ರೂಪಕ್ಕೆ ಮರಳುತ್ತವೆ. ಆದರೆ ಮೊದಲಿಗಿಂತ ಬಹಳ ಸಣ್ಣದಾಗಿ, ಒತ್ತೊತ್ತಾಗಿ ಮೂಡುತ್ತವೆ. ಆಗ ಬಲದ ಬಹುಪಾಲು ಉಳಿದು, ಬಾಗುವ ಗುಣವೂ ಮರಳಿ ದೊರೆಯುತ್ತದೆ. ತುಸು ಅಲ್ಯೂಮಿನಿಯಂ ಬೆರೆತ 17-7 ಎಂಬ ಇನ್ನೊಂದು ಜಾತಿಯನ್ನು ಕೋಲ್ಡ್ ರೋಲಿಂಗ್ ಮಾಡಿ ಸುಮಾರು 480 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಒಳಗೆ ಅತಿಸೂಕ್ಷ್ಮ ಕಣಗಳು ಮೊಳೆತು ಬಲ ಇನ್ನೂ ಏರುತ್ತದೆ. ಕಾವು 1,000 ಡಿಗ್ರಿ ದಾಟಿದರೆ ಮಾತ್ರ ಉರುಳೆಗಳ ದುಡಿಮೆಯೆಲ್ಲ ಅಳಿಸಿಹೋಗಿ ಲೋಹ ಪುನಃ ಮೆತ್ತಗಾಗುತ್ತದೆ.

ರೈಲು, ನಾಣ್ಯ ಮತ್ತು ನಮ್ಮ ಊರು

ಈ ಸೂಕ್ಷ್ಮವನ್ನು ಅರಿತು ದುಡಿಸಿಕೊಂಡವರು ಅಮೆರಿಕೆಯ ಬಡ್ ಕಂಪನಿಯವರು. ಕೋಲ್ಡ್ ರೋಲಿಂಗಿನಿಂದ ಬಲಗೊಂಡ 18-8 ಹಾಳೆಗಳಿಂದ ಹಗುರವಾದ ರೈಲು ಕಟ್ಟುವುದು ಅವರ ಗುರಿಯಾಗಿತ್ತು. ಸಾಮಾನ್ಯ ಬೆಸುಗೆಯ ಬಿಸಿ ತಾಗಿದರೆ ಬೆಸೆದ ಜಾಗದ ಬಲ ಕುಂದುತ್ತಿತ್ತು, ತುಕ್ಕಿಗೂ ಅಲ್ಲಿ ದಾರಿಯಾಗುತ್ತಿತ್ತು. ಕಣ್ಣೆವೆ ಇಕ್ಕುವಷ್ಟರಲ್ಲಿ ವಿದ್ಯುತ್ ಹಾಯಿಸಿ ಮುಗಿಸುವ ಹೊಸ ಬೆಸುಗೆಯಿಂದ ಆ ತೊಡಕು ಕಳೆಯಿತು. 1934ರ ಮೇ 26ರಂದು ಅವರ ಜೆಫಿರ್ ರೈಲು ಡೆನ್ವರಿನಿಂದ ಶಿಕಾಗೋವರೆಗಿನ ಸುಮಾರು 1,600 ಕಿಲೋಮೀಟರನ್ನು 13 ಗಂಟೆಗಳ ಆಸುಪಾಸಿನಲ್ಲಿ ಕ್ರಮಿಸಿ ಜನರನ್ನು ಬೆರಗುಗೊಳಿಸಿತು.

ಆ ಪರಂಪರೆ ಇಂದು ನಮ್ಮ ಮನೆಬಾಗಿಲಿಗೇ ಬಂದಿದೆ. ವಡೋದರ ಜಿಲ್ಲೆಯ ಸಾವ್ಲಿಯಲ್ಲಿ ಬೊಂಬಾರ್ಡಿಯರ್ ಸಂಸ್ಥೆ ಸ್ಥಾಪಿಸಿದ, 2021ರಲ್ಲಿ ಆಲ್‌ಸ್ಟಮ್ ಸಂಸ್ಥೆಯ ಕೈಸೇರಿದ ಕಾರ್ಖಾನೆಯಿಂದ ದೆಹಲಿ ಮೆಟ್ರೊಗೆ ಸ್ಟೇನ್‌ಲೆಸ್ ಬೋಗಿಗಳು ಹೋದವು. ನಮ್ಮ ಬೆಂಗಳೂರಿನ ಬಿಇಎಂಎಲ್ ನಮ್ಮ ಮೆಟ್ರೊಗಾಗಿ ಅಂಥದೇ ಬೋಗಿಗಳನ್ನು ಕಟ್ಟಿತು. ಬಣ್ಣ ಬಳಿಯದ ಆ ಬೆಳ್ಳಿಮೈಯ ತೆಳು ಹಾಳೆ ಜನಸಂದಣಿಯ ಭಾರವನ್ನು ಹೊರುವಲ್ಲಿ ಉರುಳೆಗಳು ಕೊಟ್ಟ ಬಲದ ಪಾಲು ದೊಡ್ಡದು. ನೆರೆಯ ತಮಿಳುನಾಡಿನ ಸೇಲಂನಲ್ಲಿ 1980ರ ದಶಕದ ಆರಂಭದಿಂದ ಕೋಲ್ಡ್ ರೋಲಿಂಗ್ ಮಾಡಿದ ಸ್ಟೇನ್‌ಲೆಸ್ ಹಾಳೆಗಳು ಹೊರಬಂದು ದಕ್ಷಿಣದ ಪಾತ್ರೆ ತಯಾರಕರ ಕೈಸೇರಿದವು. ಬ್ಯಾಂಕಿನವರಿಗಂತೂ ಈ ಲೋಹ ಹಳೆಯ ಪರಿಚಯ. 1988ರಿಂದ ಹತ್ತು, ಇಪ್ಪತ್ತೈದು ಮತ್ತು ಐವತ್ತು ಪೈಸೆಯ ನಾಣ್ಯಗಳೂ, 1992ರಿಂದ ಒಂದು ರೂಪಾಯಿಯ ನಾಣ್ಯವೂ ಸ್ಟೇನ್‌ಲೆಸ್ ಉಕ್ಕಿನಲ್ಲಿ ಬಂದವು. ನಿಕ್ಕಲ್ ಇಲ್ಲದ ಆ ಜಾತಿ ಆಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ.

ಕೊನೆಯ ವರ್ಷಗಳು

ಬ್ರೌನ್ ಬೇಲಿ ಕಂಪನಿಯಲ್ಲಿ ಬ್ರಿಯರ್ಲಿ 1925ರಲ್ಲಿ ನಿರ್ದೇಶಕರಾದರು. ಹಣ, ಹೆಸರು ಎರಡೂ ಬಂದಿದ್ದವು. ಆದರೂ ಮೂಸೆಯ ಮುಂದೆ ಬೆವರು ಸುರಿಸಿದ ತಂದೆಯ ತಲೆಮಾರಿನವರ ಕೈಗುಣವನ್ನು ಅವರು ಮರೆಯಲಿಲ್ಲ. ಅಂಥ ಕುಶಲಿಗಳನ್ನು ಸ್ಮರಿಸಿ 1933ರಲ್ಲಿ ಒಂದು ಪುಸ್ತಕ ಬರೆದರು, 1941ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದರು. ಅದೇ ವರ್ಷ ಶೆಫೀಲ್ಡಿನಲ್ಲಿ ಫ್ರೆಶ್‌ಗೇಟ್ ಎಂಬ ದತ್ತಿಸಂಸ್ಥೆಯನ್ನು ಸ್ಥಾಪಿಸಿದರು. ವಿದ್ಯೆ, ಕಲೆ, ಪ್ರವಾಸಗಳ ಭಾಗ್ಯ ಇಲ್ಲದವರಿಗೂ ಅವು ದಕ್ಕಲೆಂಬುದು ಅದರ ಉದ್ದೇಶಗಳಲ್ಲಿ ಒಂದು. ತಮಗೆ ಸಂಜೆಯ ತರಗತಿಯಲ್ಲಿ ಮಾತ್ರ ಸಿಕ್ಕಿದ್ದನ್ನು ಇತರರಿಗೆ ಹಗಲಿನಲ್ಲಿಯೇ ದೊರಕಿಸಿಕೊಡುವ ಹಂಬಲ ಅದರಲ್ಲಿ ಕಾಣುತ್ತದೆ. 1948ರ ಜುಲೈ 14ರಂದು ಇಂಗ್ಲೆಂಡಿನ ಕಡಲತೀರದ ಟಾರ್ಕಿ ಪಟ್ಟಣದಲ್ಲಿ, 77ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. 2013ರಲ್ಲಿ ಅವರ ಎರಕಕ್ಕೆ ನೂರು ವರ್ಷ ತುಂಬಿದಾಗ ಶೆಫೀಲ್ಡಿನ ಗೋಡೆಯೊಂದರ ಮೇಲೆ ಅವರ ಬೃಹತ್ ಚಿತ್ರವನ್ನು ಬಿಡಿಸಲಾಯಿತು.

ಸ್ಟೇನ್‌ಲೆಸ್ ಉಕ್ಕನ್ನು ಮೊದಲು ಕಂಡವರು ಯಾರೆಂಬ ಚರ್ಚೆ ಮುಗಿಯುವಂಥದಲ್ಲ. ಫ್ರಾನ್ಸ್, ಜರ್ಮನಿ, ಅಮೆರಿಕ, ಇಂಗ್ಲೆಂಡ್ ಎಲ್ಲಕ್ಕೂ ಅದರಲ್ಲಿ ಪಾಲಿದೆ; ಉಕ್ಕು ಎಂಬ ಪದವನ್ನು ಕೊಟ್ಟ ನಮ್ಮ ಸೀಮೆಗೂ ದೂರದ ನಂಟಿದೆ. ಬ್ರಿಯರ್ಲಿಯವರ ಹಿರಿಮೆ ಇರುವುದು ಲೋಹ ಸೋತಿತೆಂದು ಎಲ್ಲರೂ ಕೈಬಿಟ್ಟಾಗ, ಸೋತದ್ದು ನಾವು ಕೊಟ್ಟ ಹದ ಎಂದು ತಿಳಿದು ಕುಲುಮೆಯ ಬಳಿಗೆ ಮರಳಿದ್ದರಲ್ಲಿ. ಶಾಲೆಯ ಅಂಕಪಟ್ಟಿಯನ್ನು ನೋಡಿ ಮಗುವಿನ ಭವಿಷ್ಯವನ್ನು ತೀರ್ಮಾನಿಸುವ ನಮ್ಮಂಥ ಹಿರಿಯರಿಗೆ ಅದರಲ್ಲಿ ಕಲಿಯುವುದು ಬಹಳವಿದೆ. ಒಬ್ಬರಿಗೆ ಬೆಂಕಿ ಬೇಕು, ಇನ್ನೊಬ್ಬರಿಗೆ ತಣ್ಣನೆಯ ಒತ್ತಡ ಸಾಕು, ಮತ್ತೊಬ್ಬರಿಗೆ ಎರಡೂ ಹದವರಿತು ಸಲ್ಲಬೇಕು. ಸೀಸೆ ತೊಳೆಯುವ ಹುಡುಗನಿಗೆ ಗಣಿತದ ಪುಸ್ತಕ ಕೊಡಿಸಿದ ಜೇಮ್ಸ್ ಟೇಲರ್ ಅವರಿಗೆ ಆ ಹದ ಗೊತ್ತಿತ್ತು. ಹ್ಯಾರಿ ಬ್ರಿಯರ್ಲಿಯವರೊಡನೆ ಅವರನ್ನೂ ನೆನೆಯುವುದು ನ್ಯಾಯ.